ಸಮುದ್ರ ನೋಡಿ ಬಂದ ಹಲ್ಲು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವ ಹೆಂಗಸನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಮಾಡಿಕೊಟ್ಟ ಹಲ್ಲುಗಳೆಲ್ಲ ಒಟ್ಟಿಗೆ ನಕ್ಕರೆ ಊರಿಗೆ ಊರೇ ಬೆಚ್ಚಿಬೀಳಬೇಕು, ಅಷ್ಟು. ಆದರೆ ಆ ಹಲ್ಲುಗಳ ಹಿಂದಿನ ಒಂದು ಮುಖವನ್ನೂ ಅವಳು ನೋಡಿರಲಿಲ್ಲ. ಅವಳ ಮೇಜಿಗೆ ಬರುತ್ತಿದ್ದದ್ದು ಬಾಯಿಯ ಅಚ್ಚು ಮಾತ್ರ: ಪ್ಲಾಸ್ಟರಿನ ಒಸಡು, ಅದರ ಬುಡದಲ್ಲೊಂದು ನಂಬರು. ಬಾಯಿ ನೋಡುವುದು ಡಾಕ್ಟರ ಕೆಲಸ, ಹಲ್ಲು ಕೂರಿಸುವುದು ಅವಳ ಕೆಲಸ. ಜೀವವಿರುವ ಬಾಯಿಗೆ ನೀನು ಬೆರಳು ಹಾಕುವ ಹಾಗಿಲ್ಲ ಎಂದು ಸೇರಿದ ದಿನವೇ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಆ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಮೇಷ್ಟ್ರ ಡಬ್ಬಿ ತೆಗೆದಳು. ನಿವೃತ್ತ ಹೆಡ್‌ಮೇಷ್ಟ್ರು, ಮೇಲಿನ ಸೆಟ್ಟು ಮಾತ್ರ. ಮರುದಿನ ಹತ್ತು ಗಂಟೆಗೆ ಬಂದು ಹಾಕಿಸಿಕೊಳ್ಳುವವರಿದ್ದರು. ಅದಕ್ಕೆ ಮೊದಲು ಇನ್ನೊಂದು ಸಲ ಹೊಳಪು ಕೊಟ್ಟುಬಿಡೋಣವೆಂದು ಒದ್ದೆ ಹತ್ತಿಯ ಸುತ್ತು ಬಿಚ್ಚಿದಳು. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ದಾರ ಹೋಗುವಷ್ಟು ಸಂದು.

ಆ ಸಂದು ಮೇಷ್ಟ್ರದಲ್ಲ. ಅದು ಒಬ್ಬ ಮುದುಕಿಯದು. 'ಮೊದಲು ಹೇಗಿತ್ತೋ ಹಾಗೇ ಬೇಕು' ಎಂದು ಹೇಳಿ, ನಲವತ್ತು ವರ್ಷದ ಹಿಂದಿನ ಒಂದು ಫೋಟೋ ಕಳಿಸಿದ್ದರು. ಭೂತಗನ್ನಡಿ ಹಿಡಿದು, ಫೋಟೋದಲ್ಲಿದ್ದ ಸಂದನ್ನೇ ಹಲ್ಲಕ್ಕ ಮೇಣದಲ್ಲಿ ಕೊರೆದಿದ್ದಳು. ಆಮೇಲೆ ಮೂರು ದಿನದ ಹಿಂದೆ ಎರಡೂ ಸೆಟ್ಟುಗಳು ಒಣಗದಿರಲೆಂದು ಒದ್ದೆ ಹತ್ತಿಯಲ್ಲಿ ಸುತ್ತಿ ಪಕ್ಕಪಕ್ಕ ಇಟ್ಟಿದ್ದಳು. ಒಂದು ಮೇಜಿನ ಮೇಲೆ ಒಂದು ಬಾಯಿ ಮಾತ್ರ ಇರಬೇಕು ಅನ್ನುವುದು ಆ ಕೋಣೆಯ ಕಾಯಿದೆ, ಅವಳೇ ಹೊಸಬರಿಗೆ ಹೇಳಿಕೊಡುತ್ತಿದ್ದ ಕಾಯಿದೆ. ಅಷ್ಟರಲ್ಲಿ ಮುದುಕಿಯ ಮಗನ ಡ್ರೈವರು ಬಂದು ಹಾರನ್ ಹೊಡೆಯತೊಡಗಿದ್ದ. ಅಮ್ಮನನ್ನು ಆಗಲೇ ಸಮುದ್ರದ ಊರಿನ ಕ್ಲಬ್ಬಿಗೆ ಕಳಿಸಿಯಾಗಿದೆ, ಹಲ್ಲು ಹಿಂದಿನಿಂದ ಹೋಗಬೇಕು ಅಂದಿದ್ದ. ಬಾಯಿಗೆ ಹಾಕಿ ನೋಡದೆ ಹೇಗೆ ಕಳಿಸೋದು ಅಂದದ್ದಕ್ಕೆ ಮಗ ಫೋನಿನಲ್ಲಿ, "ಚಪ್ಪಲಿನೇ ಹಾಕಿ ನೋಡದೆ ತಗೋತೀವಿ, ಕಳಿಸ್ರಿ" ಅಂದಿದ್ದ. ಡಾಕ್ಟರು ಹೂಂ ಅಂದಿದ್ದರು. ಹಲ್ಲಕ್ಕ ಕೈಗೆ ಸಿಕ್ಕ ಸುತ್ತನ್ನು ಮುದುಕಿಯ ಡಬ್ಬಿಯಲ್ಲಿಟ್ಟು ಕೊಟ್ಟಿದ್ದಳು.

ಅಂದರೆ ಮೇಷ್ಟ್ರ ಹಲ್ಲು ಈಗ ಸಮುದ್ರದ ದಂಡೆಯಲ್ಲಿತ್ತು, ಇನ್ನೊಬ್ಬರ ಬಾಯಲ್ಲಿ.

ಡಾಕ್ಟರು ಪರವೂರಿನ ಮೀಟಿಂಗಿಗೆ ಹೋಗಿದ್ದರು, ಬರುವುದು ರಾತ್ರಿ. ಕಳೆದ ವರ್ಷ ಪಕ್ಕದ ಸ್ಟೂಲಿನವನು ಇಂಥದ್ದೇ ಒಂದು ಅದಲುಬದಲು ಮಾಡಿದಾಗ ಸಂಜೆಗೇ ಅವನ ಸ್ಟೂಲು ಖಾಲಿಯಾಗಿತ್ತು. ಈಗೀಗ ಹಲ್ಲು ಕೆತ್ತುವ ಮಿಷನ್ನುಗಳು ಬಂದಿವೆ. ನಲವತ್ತೇಳರ ಹೆಂಗಸನ್ನು ಹೊಸದಾಗಿ ಯಾರು ತೆಗೆದುಕೊಳ್ಳುತ್ತಾರೆ? ನಾಳೆ ಹತ್ತರೊಳಗೆ ಮೇಷ್ಟ್ರ ಹಲ್ಲು ಈ ಮೇಜಿನ ಮೇಲಿದ್ದರೆ ಉಳಿದಳು. ಇಲ್ಲದಿದ್ದರೆ ಇಲ್ಲ.

ಕೌಂಟರಿನ ಹುಡುಗಿಗೆ ತಲೆನೋವು ಎಂದು ಹೇಳಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹಲ್ಲಕ್ಕ ಬಸ್‌ಸ್ಟ್ಯಾಂಡಿಗೆ ನಡೆದಳು.

ಮೂರೂವರೆ ಗಂಟೆಯ ದಾರಿ. ಹಿಂದಿರುಗುವ ಕೊನೇ ಬಸ್ಸು ನಾಲ್ಕೂವರೆಗೆ ಎಂಬುದನ್ನು ಕಂಡಕ್ಟರನ ಹತ್ತಿರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅರ್ಧ ದಾರಿಯಲ್ಲಿ, ಮನೆಯಲ್ಲಿ ಗಾಬರಿಯಾಗಬಾರದೆಂದು ಅತ್ತಿಗೆಗೆ ಫೋನು ಮಾಡಿದಳು. ಅಣ್ಣನ ಮನೆಯ ಮಹಡಿಯ ಮೇಲಿನ ಕೋಣೆ ಅವಳದು.

"ಅತ್ತಿಗೆ, ಇವತ್ತು ಬರೋದು ಸ್ವಲ್ಪ ಲೇಟಾಗುತ್ತೆ."

"ಹೌದಾ? ಸರಿ. ಬರ್ತಾ ಪಾತ್ರೆ ಸೋಪು ತಂದ್ಬಿಡು, ಖಾಲಿಯಾಗಿದೆ."

"ನಾನೀಗ..."

"ದೊಡ್ಡದು ತರಬೇಡ, ನೀರಲ್ಲಿ ಕರಗಿ ಹೋಗುತ್ತೆ. ಇಡ್ತೀನಿ, ಒಲೆ ಮೇಲೆ ಹಾಲಿದೆ."

ಎಲ್ಲಿದ್ದೀಯ ಎಂದು ಅತ್ತಿಗೆ ಕೇಳಲಿಲ್ಲ. ಕೇಳಿದರೆ ಹೇಳಲೆಂದು ಒಂದು ಸುಳ್ಳನ್ನು ಹಲ್ಲಕ್ಕ ಬಸ್ಸು ಹತ್ತಿದಾಗಿನಿಂದ ಹೊಂದಿಸಿಟ್ಟುಕೊಂಡಿದ್ದಳು. ಅದು ಹಾಗೇ ಉಳಿಯಿತು.

ಬಸ್ಸು ಆ ಊರಿನೊಳಕ್ಕೆ ಹೋಗುವುದಿಲ್ಲ. ಬಸ್ಸಿನಂಥ ವಸ್ತು ಕಣ್ಣಿಗೆ ಬೀಳಬಾರದೆಂದೋ ಏನೋ, ಗುಡ್ಡದ ಹಿಂದೆಯೇ ಇಳಿಸಿ ತಿರುಗಿಕೊಂಡಿತು. ಅವಳು ನಡೆದೇ ಇಳಿದಳು. ಇಡೀ ಊರಿಗೆ ಸುಣ್ಣ ಬಳಿದಂತೆ ಬಿಳುಪು. ಒಂದು ಅಂಗಡಿಯ ಗಾಜಿನ ಹಿಂದೆ ಒಂದೇ ಒಂದು ಅಂಗಿ ನೇತುಹಾಕಿದ್ದರು, ಅದಕ್ಕೂ ಒಂದು ದೀಪ. ಇನ್ನೊಂದರಲ್ಲಿ ನಾಯಿಗಳಿಗೆ ಕೋಟು. ಕಾಫಿ ಅಂಗಡಿಯ ಹಲಗೆಯಲ್ಲಿ ಹೆಸರುಗಳಿದ್ದವು, ಬೆಲೆಗಳಿರಲಿಲ್ಲ. ಕೇಳುವವರು ಬರುವ ಜಾಗವಲ್ಲ ಎಂದರ್ಥ. ದುಡ್ಡಿದ್ದವರೆಲ್ಲ ಹರಿದ ಪ್ಯಾಂಟು ಹಾಕಿಕೊಂಡು ಬರಿಗಾಲಲ್ಲಿ ಓಡಾಡುತ್ತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಮುಚ್ಚಿದ ಶೂ ಹಾಕಿದ್ದವಳು ಇಡೀ ಬೀದಿಗೆ ಅವಳೊಬ್ಬಳೇ. ಬಾಯಿಗಳನ್ನು ನೋಡುವ ಚಾಳಿ ಎಲ್ಲಿ ಹೋದರೂ ಬಿಡುವುದಿಲ್ಲವಲ್ಲ, ಇಲ್ಲೂ ನೋಡಿದಳು. ಹಲ್ಲಿನ ಬಣ್ಣ ಹೊಂದಿಸಲು ಅವಳ ಬಳಿ ಹದಿನಾರು ಬಿಳುಪುಗಳ ಪಟ್ಟಿಯಿತ್ತು. ಈ ಊರಿನ ಹಲ್ಲುಗಳು ಹದಿನೇಳನೆಯ ಬಿಳುಪಿನವು. ಎಲ್ಲರೂ ನಗುತ್ತಿದ್ದರು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ದಾರಿ ಬಿಡುತ್ತಿದ್ದರು, ಅಷ್ಟೇ. ಕಂಬಕ್ಕೆ ಬಿಟ್ಟ ಹಾಗೆ.

ಡ್ರೈವರು ಹೇಳಿದ್ದ ಕ್ಲಬ್ಬು ಬೀದಿಯ ತುದಿಯಲ್ಲಿತ್ತು. ಗೇಟಿನವನು, "ಏನು ಬೇಕಿತ್ತು?" ಅಂದನಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು.

"ಒಬ್ಬರನ್ನ ನೋಡಬೇಕಿತ್ತು. ವಯಸ್ಸಾದವರು."

"ರೂಮ್ ನಂಬರ್ ಹೇಳಿ, ಫೋನ್ ಮಾಡ್ತೀನಿ."

ಫೋನು ಎತ್ತುವವನು ಮಗ. ಅವನಿಗೆ ಗೊತ್ತಾದರೆ ಡಾಕ್ಟರಿಗೆ ಗೊತ್ತಾದಂತೆಯೇ. "ಫೋನ್ ಬೇಡ" ಎಂದಳು.

"ಫೋನ್ ಬೇಡ, ನಂಬರ್ ಗೊತ್ತಿಲ್ಲ. ಸುಮ್ನೆ ಒಳಗೆ ಬಿಡೋಕೆ ನಾನೇನು ನಿಮ್ಮ ಚಿಕ್ಕಪ್ಪನಾ?" ಅವಳ ಮುಖ ನೋಡಿ ಗೇಟಿನವನು ಸ್ವಲ್ಪ ಮೆತ್ತಗಾದ. "ಸಮುದ್ರ ನೋಡೋಕೆ ಬಂದಿದ್ರೆ ಆ ಓಣೀಲಿ ಇಳೀರಿ. ನೀರು ಮುಟ್ಟೋ ಮರಳು ಎಲ್ಲರದು. ಒಣಗಿದ ಮರಳು ನಮ್ಮದು."

ಶೂ ಕೈಯಲ್ಲಿ ಹಿಡಿದು ಅವಳು ಎಲ್ಲರ ಮರಳಿನ ಮೇಲೆ ನಡೆದಳು. ಎಡಗಡೆ ನೀರು, ಬಲಗಡೆ ಬಾಚಣಿಗೆಯಿಂದ ಬಾಚಿದಂತಿದ್ದ ಕ್ಲಬ್ಬಿನ ಮರಳಿನಲ್ಲಿ ಸಾಲು ಕೊಡೆ, ಸಾಲು ಕುರ್ಚಿ. ಆಗ ಹೊಳೆಯಿತು: ಮುದುಕಿಯ ಅಂಗುಳ ಎಷ್ಟು ಆಳ, ಎಡಗಡೆಯ ಒಸಡಿನಲ್ಲಿ ಮೂಳೆ ಎಲ್ಲಿ ಉಬ್ಬಿದೆ, ಎಲ್ಲ ಗೊತ್ತು, ಮುಖ ಗೊತ್ತಿಲ್ಲ. ಫೋಟೋ ನಲವತ್ತು ವರ್ಷ ಹಳೆಯದು. ಕೊಡೆಯ ಕೆಳಗೆ ಮುದುಕಿಯರೇನು ಒಬ್ಬರೇ ಇಬ್ಬರೇ? ಒಮ್ಮೆ ಆ ತುದಿಗೆ ಹೋದಳು, ತಿರುಗಿ ಬಂದಳು. ಎರಡು ಗಂಟೆಯಾಯಿತು. ಎರಡೂಕಾಲಾಯಿತು. ಹೊಟ್ಟೆ ಹಸಿದಿತ್ತು, ಆದರೆ ಈ ಊರಿನಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದೇ ಅವಳಿಗೆ ತಿಳಿಯಲಿಲ್ಲ.

ಮೂರನೇ ಸಲ ನಡೆಯುವಾಗ ಅವಳು ಮುಖ ನೋಡುವುದನ್ನು ಬಿಟ್ಟು ತುಟಿ ನೋಡತೊಡಗಿದಳು. ಮೇಷ್ಟ್ರದು ಅಗಲ ದವಡೆ. ಅಷ್ಟು ದೊಡ್ಡ ಸೆಟ್ಟು ಸಣ್ಣ ಬಾಯಲ್ಲಿ ಕೂತರೆ ಮೇಲ್ದುಟಿ ಉಬ್ಬಿ ನಿಲ್ಲಬೇಕು, ಒಳಗೆ ಏನೋ ಬಚ್ಚಿಟ್ಟುಕೊಂಡವರ ಹಾಗೆ. ಕೊನೆಯಿಂದ ಮೂರನೇ ಕೊಡೆಯಡಿ ಅಂಥ ತುಟಿಯಿತ್ತು. ತೆಳ್ಳನೆಯ ಮೈ, ಕಪ್ಪು ಕನ್ನಡಕ. ಪಕ್ಕದ ಮೇಜಿನ ಮೇಲೆ ಹುರಿದ ಮೀನು, ಹಣ್ಣು, ಬ್ರೆಡ್ಡು, ಒಂದೂ ಮುಟ್ಟಿರಲಿಲ್ಲ. ಸುತ್ತ ಯಾರೂ ಇರಲಿಲ್ಲ.

ಹಲ್ಲಕ್ಕ ಒಣಮರಳಿನ ಮೇಲೆ ಕಾಲಿಟ್ಟಳು.

"ಅಮ್ಮಾ."

"ಬೇಡಮ್ಮ. ನಾನೇನೂ ಕೊಳ್ಳಲ್ಲ."

"ಮಾರೋಕೆ ಬಂದಿಲ್ಲ ಅಮ್ಮ. ನಿಮ್ಮ ಹಲ್ಲು ಮಾಡಿದವಳು ನಾನು."

ಮುದುಕಿ ಕನ್ನಡಕ ಇಳಿಸಿದರು. "ಮನೆ ಬಾಗಿಲಿಗೆ ಬರೋ ಹೂವಿನವರನ್ನ ನೋಡಿದ್ದೆ, ತರಕಾರಿಯವರನ್ನ ನೋಡಿದ್ದೆ. ಸಮುದ್ರಕ್ಕೆ ಬರೋ ಹಲ್ಲಿನವರನ್ನ ಇವತ್ತೇ ನೋಡಿದ್ದು." ಮಾತಾಡುವಾಗ ಸೆಟ್ಟು ಟಕ್ ಎಂದು ಕೆಳಗಿಳಿಯಿತು, ಅವರು ನಾಲಿಗೆಯಿಂದ ಒತ್ತಿ ಮೇಲೆ ನಿಲ್ಲಿಸಿದರು.

ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಹಲ್ಲಕ್ಕ ಅವರ ಕಾಲ ಬಳಿ ಮರಳಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಸುತ್ತಿಬಳಸಿ ಹೇಳಲು ಬರುತ್ತಿತ್ತು, ಆದರೆ ಹೊತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಮುದುಕಿಯ ಹುಬ್ಬು ಮೇಲೇರಿತು.

"ಅಂದ್ರೆ ಇದು ಗಂಡಸಿನ ಹಲ್ಲಾ?"

"ಹೌದಮ್ಮ. ಹೆಡ್‌ಮೇಷ್ಟ್ರದು. ಅವರಿನ್ನೂ ಹಾಕಿಕೊಂಡಿಲ್ಲ."

"ಅದಕ್ಕೇ ಮೂರು ದಿನದಿಂದ ಕಂಡಕಂಡವರಿಗೆಲ್ಲ ಬುದ್ಧಿ ಹೇಳಬೇಕು ಅನ್ನಿಸ್ತಿತ್ತು."

ಹಲ್ಲಕ್ಕನಿಗೆ ನಗು ಬರಲಿಲ್ಲ. "ನೋವಿತ್ತಲ್ಲ ಅಮ್ಮ? ಮನೆಯವರಿಗೆ ಹೇಳಲಿಲ್ವಾ?"

"ಹೇಳಿದೆ. ಹೊಸ ಹಲ್ಲು ಅಂದ್ರೆ ಹೊಸ ಸೊಸೆ ಇದ್ದ ಹಾಗಮ್ಮ, ಹೊಂದಿಕೊಳ್ಳೋಕೆ ಟೈಮ್ ಬೇಕು ಅಂದ ಮಗ. ಸೊಸೆ ಪಕ್ಕದಲ್ಲೇ ಕೂತಿದ್ಲು, ಹಾಗಾಗಿ ನಾನೂ ಹೂಂ ಅಂದೆ." ಅವರು ಮೇಜಿನ ತಟ್ಟೆಗಳನ್ನು ನೋಡಿದರು. "ಹಲ್ಲಿದ್ದಾಗ ಕಡಲೆ ಇರಲಿಲ್ಲ ನಮ್ಮನೇಲಿ. ಈಗ ನೋಡು, ದಿನಾ ಈ ಥರ ತಂದಿಡ್ತಾರೆ. ಸೂಪು ಕುಡೀತೀನಿ. ಅಮ್ಮ ಡಯಟ್ ಮಾಡ್ತಿದ್ದಾರೆ ಅಂತಾರೆ."

"ಸಂದು ಇಲ್ಲದ್ದು ಯಾರಿಗೂ ಗೊತ್ತಾಗಲಿಲ್ವಾ?"

ಮುದುಕಿ ಕನ್ನಡಕವನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. "ನನಗೆ ಮೊದಲನೇ ದಿನ ಕನ್ನಡೀಲೇ ಗೊತ್ತಾಯ್ತು. ಡಾಕ್ಟರಿಗೆ ಇಷ್ಟ ಆಗಿಲ್ಲ, ಮುಚ್ಚಿಬಿಟ್ಟಿದ್ದಾರೆ ಅಂದ್ಕೊಂಡೆ. ಆ ಸಂದಿನಲ್ಲಿ ಸಿಳ್ಳೆ ಹಾಕಿ ಮಗನ್ನ ಮಲಗಿಸ್ತಿದ್ದೆ ನಾನು. ಅವನೇ ಏನೂ ಅನ್ನಲಿಲ್ಲ. ಇನ್ಯಾರನ್ನ ಕೇಳಲಿ?"

ಹಿಂದಿನ ಸಾಲಿನಲ್ಲಿ, ಸ್ನಾನ ಮಾಡಿ ಬಟ್ಟೆ ಬದಲಾಯಿಸಲು ಕಟ್ಟಿದ್ದ ಮರದ ಗೂಡುಗಳಿದ್ದವು. ಇಬ್ಬರೂ ಒಂದರೊಳಗೆ ಹೋಗಿ ಚಿಲಕ ಹಾಕಿಕೊಂಡರು. ಮುದುಕಿ ಸೆಟ್ಟು ತೆಗೆದು ಕೊಟ್ಟರು. ಅಂಟು ಪೇಸ್ಟನ್ನು ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತಿದ್ದರು. ಹಲ್ಲಕ್ಕ ಅದನ್ನು ತೊಳೆದು ಮೇಷ್ಟ್ರ ಡಬ್ಬಿಗೆ ಸೇರಿಸಿ, ಸರಿಯಾದ ಸೆಟ್ಟನ್ನು ಮುಂದೆ ಹಿಡಿದಳು.

"ಹಾಕ್ಕೊಳ್ಳಿ ಅಮ್ಮ."

"ನೀನೇ ಹಾಕು. ನನಗೆ ಎಲ್ಲೆಲ್ಲಿ ಹುಣ್ಣಾಗಿದೆ ಅಂತ ಕಾಣಲ್ಲ."

"ನಾನು ಬಾಯಿಗೆ ಕೈ ಹಾಕೋ ಹಾಗಿಲ್ಲ."

"ಯಾರು ನೋಡ್ತಾರೆ ಇಲ್ಲಿ?" ಎಂದು ಮುದುಕಿ ಮಗುವಿನ ಹಾಗೆ ಬಾಯಿ ತೆರೆದು ನಿಂತರು.

ಹಲ್ಲಕ್ಕ ಎರಡು ಸಲ ಕೈ ತೊಳೆದಳು. ಹತ್ತೊಂಬತ್ತು ವರ್ಷ ಪ್ಲಾಸ್ಟರು ಮುಟ್ಟಿದ ಬೆರಳು. ಪ್ಲಾಸ್ಟರು ಕದಲುವುದಿಲ್ಲ, ಇದು ಉಸಿರಾಡುತ್ತಿತ್ತು. ಮೂಳೆಯ ಉಬ್ಬು ಅವಳು ತಿಳಿದ ಜಾಗದಲ್ಲೇ ಇತ್ತು, ಅದರ ಮೇಲೆ ಕೆಂಪಗೆ ಹುಣ್ಣು. ಅಲ್ಲಿಗೆ ತಾಗದಂತೆ ಸೆಟ್ಟನ್ನು ಓರೆ ಮಾಡಿ ಒಳಗಿಟ್ಟು, ಹೆಬ್ಬೆರಳಿಂದ ಒತ್ತಿದಳು. ಗಾಳಿ ಹೊರಬಿದ್ದು ಸೆಟ್ಟು ಅಂಗುಳಕ್ಕೆ ಕಚ್ಚಿಕೊಂಡಿತು. ತುಟಿ ಇಳಿಯಿತು. ಎದುರಿಗೆ ನಿಂತವರು ಬೇರೆಯೇ ಒಬ್ಬರು, ಫೋಟೋದವರು.

ಮುದುಕಿ ನಾಲಿಗೆಯಿಂದ ಮುಂದಿನ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡರು. ಮತ್ತೆ ಮುಟ್ಟಿದರು.

"ಉಪ್ಪುನೀರಲ್ಲಿ ಮುಕ್ಕಳಿಸಿ ಅಮ್ಮ, ನಾಲ್ಕು ದಿನ. ಹುಣ್ಣು ಮಾಯುತ್ತೆ."

"ಸದ್ಯ, ಈ ಸಮುದ್ರ ಒಂದು ಉಪಯೋಗಕ್ಕಾದ್ರೂ ಬಂತು."

"ಇನ್ನೊಂದು ಮಾತು. ಇದನ್ನ ಯಾರಿಗೂ ಹೇಳಬಾರದು. ನಿಮ್ಮ ಮಗನಿಗೂ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ಹೇಳಲ್ಲ ಬಿಡು. ಬಾಯಿ ಮುಚ್ಚಿಕೊಂಡಿರೋದು ನನಗೇನು ಹೊಸದಾ?"

ಮೂರೂವರೆ. ನಲವತ್ತು ನಿಮಿಷದ ನಡಿಗೆ. ಹೊರಡಬೇಕಿತ್ತು. ಆದರೆ ಮುದುಕಿ ಕುರ್ಚಿಗೆ ಬಂದು ಕೂತು, ಮೀನಿನ ಒಂದು ತುಣುಕನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿಯತೊಡಗಿದರು. ಎರಡೂ ಕಡೆ ಸಮ ಬೀಳುತ್ತಿದೆಯೇ ಎಂದು ನೋಡಲು ಹಲ್ಲಕ್ಕ ಮತ್ತೆ ಮರಳಿನ ಮೇಲೆ ಕೂತಳು. ತಾನು ಮಾಡಿದ ಹಲ್ಲು ತಿನ್ನುವುದನ್ನು ಅವಳು ಈವರೆಗೆ ನೋಡಿರಲಿಲ್ಲ. ಮುದುಕಿ ಬ್ರೆಡ್ಡನ್ನು ಅವಳ ಕಡೆ ತಳ್ಳಿದರು. ಇಬ್ಬರೂ ತಿಂದರು.

"ಅಮ್ಮಾ, ಯಾರಿವರು?"

ಹಿಂದೆ ಮಗ ನಿಂತಿದ್ದ. ಕೈಯಲ್ಲಿ ಫೋನು, ಬಾಯಲ್ಲಿ ಹದಿನೇಳನೆಯ ಬಿಳುಪು. ಹಲ್ಲಕ್ಕ ಚೀಲವನ್ನು ಮಂಡಿಯ ಕೆಳಗೆ ಸರಿಸಿಕೊಂಡಳು.

ಮುದುಕಿ ತಡವರಿಸಲಿಲ್ಲ. ಬಲಗಾಲನ್ನು ಎತ್ತಿ ಹಲ್ಲಕ್ಕನ ಮಡಿಲಲ್ಲಿಟ್ಟರು. "ಕಾಲು ಒತ್ತೋಳು."

ಹಲ್ಲಕ್ಕ ತಲೆ ತಗ್ಗಿಸಿ ಒತ್ತತೊಡಗಿದಳು. ಮೇಣ ನಾದಿ ನಾದಿ ಗಟ್ಟಿಯಾದ ಹೆಬ್ಬೆರಳು, ಅನುಮಾನ ಬರುವಂತಿರಲಿಲ್ಲ.

"ಕ್ಲಬ್ಬಿನವರಾ?"

"ಹೊರಗಿನವಳು. ಒಳಗಿನವರಿಗಿಂತ ಚೆನ್ನಾಗಿ ಒತ್ತುತ್ತಾಳೆ."

ಮಗ ತಾಯಿಯ ಮುಖವನ್ನು ದಿಟ್ಟಿಸಿದ. ಹಲ್ಲಕ್ಕ ಒತ್ತುತ್ತಲೇ ಅಂದುಕೊಂಡಳು: ಸಂದು ಕಾಣುತ್ತದೆ, ಈಗ ಕಾಣುತ್ತದೆ.

"ಏನೋ ಚೆನ್ನಾಗಿ ಕಾಣ್ತಿದ್ದೀಯಲ್ಲಮ್ಮ ಇವತ್ತು," ಎಂದ ಮಗ. "ಒಂದು ಸಲ ಕಾಲು ಒತ್ತಿಸಿಕೊಂಡ್ರೆ ಇಷ್ಟು ಗೆಲುವಾಗ್ತೀಯ ಅಂತ ಗೊತ್ತಿದ್ರೆ ಮೊದಲನೇ ದಿನಾನೇ ಕರೆಸ್ತಿದ್ದೆ." ಜೇಬಿನಿಂದ ನೋಟು ತೆಗೆದು ಹಲ್ಲಕ್ಕನ ಮುಂದೆ ಹಿಡಿದ. ತೆಗೆದುಕೊಳ್ಳದಿದ್ದರೆ ಸುಳ್ಳು ಒಡೆಯುತ್ತದೆ. ತೆಗೆದುಕೊಂಡಳು. "ನಾಳೆ ಹತ್ತು ಗಂಟೆಗೆ ಬನ್ನಿ. ಗೇಟಿಗೆ ಹೇಳಿರ್ತೀನಿ. ನಾವು ಇರೋವರೆಗೂ ದಿನಾ ಬಂದ್ರೆ ಒಳ್ಳೇದು. ನಮಗೆಲ್ಲ ಒಂದಲ್ಲ ಒಂದು ಕೆಲಸ, ಇವರಿಗೆ ಇಲ್ಲಿ ಜೊತೆ ಯಾರೂ ಇಲ್ಲ."

"ಆಗಲಿ ಸಾರ್," ಎಂದಳು ಹಲ್ಲಕ್ಕ.

ಅವನು ಫೋನನ್ನು ಕಿವಿಗಿಟ್ಟುಕೊಂಡು ಹೊರಟುಹೋದ. ಮುದುಕಿ ಸಮುದ್ರದ ಕಡೆ ನೋಡುತ್ತಿದ್ದರು.

"ತಪ್ಪು ತಿಳಿಬೇಡ ಕಣಮ್ಮ. ಬಾಯಿಗೆ ಅದೇ ಬಂತು."

"ಅಷ್ಟು ಬೇಗ ಇನ್ನೇನು ಹೊಳೆಯುತ್ತೆ? ಒಳ್ಳೇದೇ ಆಯ್ತು."

ಕಾಲು ಇನ್ನೂ ಮಡಿಲಲ್ಲೇ ಇತ್ತು. ಮುದುಕಿ ತೆಗೆಯಲಿಲ್ಲ. "ಹೊತ್ತಾಯ್ತಾ ನಿನಗೆ?" ಎಂದರು.

"ಇನ್ನೈದು ನಿಮಿಷ ಇದೆ."

"ಹಾಗಿದ್ರೆ ಎಡಗಾಲೂ ಒತ್ತಿಬಿಡು."

ಒತ್ತಿದಳು. ಹಿಮ್ಮಡಿ ಒಡೆದಿತ್ತು, ಬೆರಳುಗಳು ತಣ್ಣಗಿದ್ದವು. ಐದು ನಿಮಿಷ ಹತ್ತಾಯಿತು. ಏಳುವಾಗ ಮುದುಕಿ ಕೇಳಿದರು, "ನಾಳೆ ಬರ್ತೀಯಾ?" ಬರಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಕೇಳಿದರು.

"ಬರ್ತೀನಿ ಅಮ್ಮ."

ಗುಡ್ಡ ಹತ್ತುವಾಗ ಅವಳು ಅಕ್ಷರಶಃ ಓಡಿದಳು. ಬಸ್ಸು ಸಿಕ್ಕಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಪಕ್ಕ ಕೂತಾಗ, ಇಡೀ ದಿನದಲ್ಲಿ ತಾನು ಸಮುದ್ರವನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲವೆಂದು ನೆನಪಾಯಿತು. ತಿರುಗಿ ನೋಡಿದರೆ ಗುಡ್ಡ ಮಾತ್ರ ಇತ್ತು. ತನ್ನೂರಲ್ಲಿ ಇಳಿದು, ಮಗ ಕೊಟ್ಟ ನೋಟಿನಲ್ಲೇ ಪಾತ್ರೆ ಸೋಪು ಕೊಂಡಳು. ಚಿಕ್ಕದು. ಅತ್ತಿಗೆ ತೆಗೆದುಕೊಂಡು, "ಇದು ನಾವು ತರೋದಲ್ಲ, ಇರಲಿ" ಎಂದಳು.

ಮರುದಿನ ಆರು ಗಂಟೆಗೇ ಕ್ಲಿನಿಕ್ಕಿಗೆ ಹೋಗಿ ಮೇಷ್ಟ್ರ ಸೆಟ್ಟನ್ನು ಔಷಧಿಯ ನೀರಿನಲ್ಲಿ ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ನೆನೆಸಿ, ಚಕ್ರಕ್ಕೆ ಹಿಡಿದು ಹೊಸದಾಗಿ ಹೊಳಪು ಕೊಟ್ಟಳು. ಎಷ್ಟು ತೊಳೆದರೂ ಮೇಷ್ಟ್ರ ಮುಖ ನೋಡುವ ಧೈರ್ಯ ಬರುತ್ತಿರಲಿಲ್ಲ, ನೋಡಬೇಕಾಗಿಯೂ ಬರಲಿಲ್ಲ. ಹತ್ತು ಗಂಟೆಗೆ ಗೋಡೆಯಾಚೆಯಿಂದ ಡಾಕ್ಟರ ದನಿ ಕೇಳಿಸಿತು. "ಒಂದರಿಂದ ಎಣಿಸಿ ಮೇಷ್ಟ್ರೇ, ಉಚ್ಚಾರ ನೋಡೋಣ." ಮೇಷ್ಟ್ರು ತರಗತಿಗೆ ಕೇಳುವಂತೆ ಗಟ್ಟಿಯಾಗಿ ಎಣಿಸಿದರು. ನಲವತ್ತಕ್ಕೆ ಬಂದಾಗ ಡಾಕ್ಟರು ಬಾಗಿಲಿನಿಂದ ತಲೆ ಹಾಕಿ, "ಹಲ್ಲಕ್ಕ, ಸರಿಯಾಗಿ ಕೂತಿದೆ, ಒಂದು ಚೂರೂ ಉಜ್ಜೋ ಹಾಗಿಲ್ಲ. ತಲೆನೋವು ಹೇಗಿದೆ?" ಎಂದರು.

"ಹೋಯ್ತು ಸಾರ್."

ಉಳಿದುಕೊಂಡಳು. ಹಗುರಾಗಬೇಕಿತ್ತು. ಆದರೆ ಕಣ್ಣು ಗಡಿಯಾರದ ಮೇಲೇ ಇತ್ತು. ಹತ್ತೂಕಾಲು. ಮಗ ಬಂದು ನೋಡಿರುತ್ತಾನೆ. ನೋಡಮ್ಮ, ಬೀದಿಯವರನ್ನ ನಂಬಿದ್ರೆ ಹೀಗೇ, ದುಡ್ಡು ಇಸ್ಕೊಂಡ್ಳು, ನಡೆದ್ಳು ಅಂದಿರುತ್ತಾನೆ. ಒಂದು ಮಾತು ಹೇಳಿದರೆ ತನ್ನ ಮೇಲಿನ ಆ ಕಳಂಕ ಹೋಗುತ್ತದೆ; ಆದರೆ ಆ ಒಂದು ಮಾತನ್ನು ಮುದುಕಿ ಹೇಳುವುದಿಲ್ಲ. ಹೌದಪ್ಪ, ಅಂಥವಳೇ ಇರಬೇಕು ಅಂದು, ಒಬ್ಬರೇ ಕೊಡೆಯ ಕೆಳಗೆ ಕೂತಿರುತ್ತಾರೆ.

ಕೌಂಟರಿನ ಹುಡುಗಿ ಹೊಸ ಅಚ್ಚೊಂದನ್ನು ತಂದು ಮೇಜಿನ ಮೇಲಿಟ್ಟಳು. "ಹೊಸ ಬಾಯಿ ಬಂತು, ಹಲ್ಲಕ್ಕ."

"ಇವರು ಹೊರಗೆ ಕೂತಿದ್ದಾರಾ?"

"ಯಾರು?"

"ಈ ಬಾಯಿಯವರು."

"ಆಗಲೇ ಹೋದ್ರಲ್ಲ. ಯಾಕೆ, ಅಚ್ಚು ಸರಿ ಬಂದಿಲ್ವಾ?"

"ಸರಿಯಾಗೇ ಬಂದಿದೆ," ಎಂದು ಹಲ್ಲಕ್ಕ ಅದನ್ನು ಕೈಗೆತ್ತಿಕೊಂಡಳು. ಗಟ್ಟಿಯಾಗುವಾಗ ಪ್ಲಾಸ್ಟರು ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ, ಆಮೇಲೆ ತಣ್ಣಗಾಗುತ್ತದೆ. ತಣ್ಣಗಾಗುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ.